ಲಕ್ಷದ ಕಾರ್ಡು, ಎಂಟು ಸಾವಿರದ ಪರದೆ

ಪ್ರಶ್ನೆ: ನನ್ನ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಬೇಕೆಂದಿದ್ದೇನೆ. ಎರಡು ವರ್ಷದ ಸಂಬಳದಲ್ಲಿ ಉಳಿಸಿದ ದುಡ್ಡು. ಎನ್‌ವಿಡಿಯಾದ ಆರ್‌ಟಿಎಕ್ಸ್ 5080 ತೆಗೆದುಕೊಳ್ಳಲೇ, 5070 ಟಿಐ ಸಾಕೇ? ಆಡುವುದು ಸೈಬರ್‌ಪಂಕ್ 2077, ಎಲ್ಡನ್ ರಿಂಗ್, ಗೆಳೆಯರ ಜೊತೆ ವ್ಯಾಲರೆಂಟ್. ಪ್ರೊಸೆಸರ್ ರೈಜೆನ್ 5 5600, ಪವರ್ ಸಪ್ಲೈ 650 ವ್ಯಾಟ್. ಮಾನಿಟರ್ ಹಳೆಯದೇ ಇದೆ, 24 ಇಂಚು, ಫುಲ್ ಎಚ್‌ಡಿ, 75 ಹರ್ಟ್ಸ್, ಎಂಟು ಸಾವಿರಕ್ಕೆ ತಂದಿದ್ದು. ಅದನ್ನೇ ಮುಂದುವರಿಸುತ್ತೇನೆ. ದಯವಿಟ್ಟು ಹೆಸರು ಹಾಕಬೇಡಿ, ಮನೆಯಲ್ಲಿ ಓದುತ್ತಾರೆ.
– ಸಾಗರದ ಓದುಗರೊಬ್ಬರು

ಉತ್ತರ: ಹೆಸರು ಹಾಕಿಲ್ಲ. ಆದರೆ ಮನೆಯವರ ಕಣ್ಣು ತಪ್ಪಿಸುವುದು ಸುಲಭವಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಈ ದರ್ಜೆಯ ಕಾರ್ಡುಗಳು ಈಗ ಹೆಚ್ಚುಕಡಿಮೆ ಒಂದು ಅಡಿ ಉದ್ದ, ಮೂರು ಫ್ಯಾನು, ಕೈಗೆತ್ತಿಕೊಂಡರೆ ಒಳ್ಳೆಯ ಭಾರ. ಪೆಟ್ಟಿಗೆ ನೋಡಿದವರು ಮಿಕ್ಸಿ ಬಂತು ಎಂದುಕೊಳ್ಳುತ್ತಾರೆ, ಬಿಚ್ಚಿಯೂ ನೋಡುತ್ತಾರೆ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪ್ರಶ್ನೆ ಮೊದಲ ಸಾಲುಗಳಲ್ಲಿದೆ, ಉತ್ತರ ಕೊನೆಯಲ್ಲಿದೆ. ‘ಮಾನಿಟರ್ ಹಳೆಯದೇ ಇದೆ’ ಎಂದು ನೀವು ದಾರಿಯಲ್ಲಿ ಹೋಗುತ್ತ ಹೇಳಿದ ಹಾಗೆ ಹೇಳಿದ್ದೀರಲ್ಲ, ನನ್ನ ಕಣ್ಣು ನಿಂತದ್ದು ಅಲ್ಲೇ. ಅಲ್ಲಿಗೆ ಬರುತ್ತೇನೆ. ಮೊದಲು ಕಾರ್ಡುಗಳ ಕಥೆ.

ಅಂಗಡಿಯವರು ಸಾಮಾನ್ಯವಾಗಿ ಹೇಳದ ಸಂಗತಿ ಒಂದಿದೆ. ನೀವು ಕೇಳಿದ ಎರಡು ಕಾರ್ಡುಗಳ ಹೊಟ್ಟೆಯೊಳಗೆ ಇರುವುದು ಒಂದೇ ಚಿಪ್. ಅದರ ಹೆಸರು ಜಿಬಿ203. ತೈವಾನಿನ ಟಿಎಸ್‌ಎಂಸಿ ಕಾರ್ಖಾನೆಯಲ್ಲಿ ತಯಾರಾಗುತ್ತದೆ. 378 ಚದರ ಮಿಲಿಮೀಟರ್, ಅಂದರೆ ಪ್ರತಿ ಬದಿಗೆ ಎರಡು ಸೆಂಟಿಮೀಟರ್ ಕೂಡ ಇಲ್ಲದ ಸಿಲಿಕಾನ್ ತುಂಡು, ಅದರಲ್ಲಿ 4,560 ಕೋಟಿ ಟ್ರಾನ್ಸಿಸ್ಟರ್. ಇಷ್ಟು ಸೂಕ್ಷ್ಮದ ಕೆಲಸದಲ್ಲಿ ಎಲ್ಲ ತುಂಡುಗಳೂ ಒಂದೇ ಗುಣದವಾಗಿ ಬರುವುದಿಲ್ಲ. ಕೆಲವು ಪೂರ್ತಿ ಚೆನ್ನಾಗಿರುತ್ತವೆ, ಕೆಲವುಗಳ ಒಂದು ಮೂಲೆ ಕೆಟ್ಟಿರುತ್ತದೆ. ಕೆಟ್ಟ ಮೂಲೆಯದನ್ನು ಎಸೆದರೆ ನಷ್ಟ. ಹಾಗಾಗಿ ಆ ಭಾಗವನ್ನು ಬಂದ್ ಮಾಡಿ, ಉಳಿದದ್ದನ್ನು ಬೇರೆ ಹೆಸರಲ್ಲಿ ಕಡಿಮೆ ಬೆಲೆಗೆ ಮಾರುತ್ತಾರೆ.

ಸಾಗರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಅಡಿಕೆ ತೋಟ, ಒಂದೇ ಕೊಯ್ಲು. ಅಂಗಳದಲ್ಲಿ ಆರಿಸಿದ ಮೇಲೆ ಬೆಟ್ಟೆ ಬೇರೆ, ರಾಶಿ ಬೇರೆ, ಗೊರಬಲು ಬೇರೆ. ಮಂಡಿಯಲ್ಲಿ ಒಂದೊಂದಕ್ಕೆ ಒಂದೊಂದು ದರ. ಜಿಬಿ203ರಲ್ಲಿ ಒಟ್ಟು 84 ಘಟಕಗಳಿವೆ. ಎಂಬತ್ತನಾಲ್ಕೂ ಚಾಲೂ ಇದ್ದರೆ ಅದು 5080. ಹದಿನಾಲ್ಕನ್ನು ಬಂದ್ ಮಾಡಿ ಎಪ್ಪತ್ತು ಉಳಿಸಿದರೆ 5070 ಟಿಐ. ಜಾಹೀರಾತಿನಲ್ಲಿ ಕಾಣುವ 10,752 ಮತ್ತು 8,960 ಕೋರುಗಳು ಇದೇ ಲೆಕ್ಕ, ಘಟಕಕ್ಕೆ 128ರಂತೆ.

ಮೆಮೊರಿ ಎರಡರಲ್ಲೂ 16 ಜಿಬಿ, ಎರಡೂ ಜಿಡಿಡಿಆರ್7, ಎರಡಕ್ಕೂ 256 ಬಿಟ್ ದಾರಿ. 5080ಯ ಮೆಮೊರಿ ಸ್ವಲ್ಪ ಚುರುಕು, ಸೆಕೆಂಡಿಗೆ 960 ಜಿಬಿ ಸಾಗಿಸುತ್ತದೆ. 5070 ಟಿಐ 896. ಈ 16 ಜಿಬಿಯ ಮಾತು ಮುಖ್ಯ. ಕಾರ್ಡು ಮುದಿಯಾಗುವುದು ಸಾಮಾನ್ಯವಾಗಿ ಎರಡು ರೀತಿ. ಒಂದು, ವೇಗ ಸಾಲದೆ. ಆಗ ಒಂದೆರಡು ಸೆಟ್ಟಿಂಗ್ ಕೆಳಗಿಳಿಸಿಕೊಂಡು ಇನ್ನೆರಡು ವರ್ಷ ದೂಡಬಹುದು. ಇನ್ನೊಂದು, ಮೆಮೊರಿ ಸಾಲದೆ. ಆಗ ಆಟ ತಡವರಿಸುತ್ತದೆ, ಗೋಡೆಯ ಚಿತ್ರ ಮಸುಕಾಗುತ್ತದೆ. ಇದು ಕಿರಿಕಿರಿಯ ಮುಪ್ಪು, 8 ಜಿಬಿ ಕಾರ್ಡು ಕೊಂಡವರು ಈಗ ಅನುಭವಿಸುತ್ತಿರುವುದು. 5080ಗೆ ಹೆಚ್ಚು ದುಡ್ಡು ಕೊಟ್ಟವರಿಗೆ ಈ ಎರಡನೆಯ ಮುಪ್ಪಿನಿಂದ ಒಂದು ದಿನದ ಹೆಚ್ಚಿನ ರಕ್ಷಣೆಯೂ ಸಿಗುವುದಿಲ್ಲ. ‘5080 ಇನ್ನೂ ಹೆಚ್ಚು ವರ್ಷ ಬಾಳಿಕೆ ಬರುತ್ತದೆ ಸಾರ್’ ಎಂದು ಯಾರಾದರೂ ಹೇಳಿದರೆ, ಮೆಮೊರಿ ಎಷ್ಟು ಎಂದು ಕೇಳಿ ಸುಮ್ಮನಾಗಿ.

ಹಾಗಾದರೆ ವ್ಯತ್ಯಾಸ ಎಷ್ಟು? ಕೋರುಗಳ ಲೆಕ್ಕದಲ್ಲಿ ಶೇ 20. ಆದರೆ ಕೋರು ಶೇ 20 ಹೆಚ್ಚಿದರೆ ಫ್ರೇಮು ಶೇ 20 ಹೆಚ್ಚುವುದಿಲ್ಲ, ಮೆಮೊರಿ ಅಷ್ಟು ಹೆಚ್ಚು ಓಡುತ್ತಿಲ್ಲವಲ್ಲ. ಆಟಗಳಲ್ಲಿ ಅಳೆದಾಗ 4ಕೆ ಪರದೆಯ ಮೇಲೆ ಸುಮಾರು ಶೇ 15 ಅಂತರ ಸಿಗುತ್ತದೆ, ಪರದೆ ಚಿಕ್ಕದಾದಂತೆ ಅದೂ ಕರಗುತ್ತದೆ. ಒಂದು 70 ಫ್ರೇಮ್ ಕೊಡುವ ಕಡೆ ಇನ್ನೊಂದು 80 ಎಂದಿಟ್ಟುಕೊಳ್ಳಿ. ಒಂದು ಚಿತ್ರ ಬಿಡಿಸಲು 14.3 ಮಿಲಿಸೆಕೆಂಡ್ ಹಿಡಿಯುತ್ತಿದ್ದದ್ದು 12.5ಕ್ಕೆ ಇಳಿಯಿತು. ಪಕ್ಕಪಕ್ಕ ಎರಡು ಕಂಪ್ಯೂಟರ್ ಇಟ್ಟು, ಮೂಲೆಯ ಫ್ರೇಮ್ ಎಣಿಕೆ ಮುಚ್ಚಿಟ್ಟರೆ ನಾನಂತೂ ಗುರುತಿಸಲಾರೆ. ನೀವೂ ಗುರುತಿಸಲಾರಿರಿ ಎಂದು ಬಾಜಿ ಕಟ್ಟುತ್ತೇನೆ.

ಬೆಲೆಯ ಅಂತರ ಮಾತ್ರ ಶೇ 15 ಅಲ್ಲ. 2025ರ ಜನವರಿ, ಫೆಬ್ರವರಿಯಲ್ಲಿ ಇವು ಬಂದಾಗ ಕಂಪನಿ ಭಾರತಕ್ಕೆ ಇಟ್ಟ ಆರಂಭದ ಬೆಲೆ 5080ಗೆ 1,07,000 ರೂಪಾಯಿ, 5070 ಟಿಐಗೆ 80,000. ಅಂದರೆ ಶೇ 34ರಷ್ಟು ಹೆಚ್ಚು. ಈ ಬೆಲೆಗಳು ಕಾಗದದ ಮೇಲಿನವು ಎನ್ನುವುದು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒಂದು ಸುತ್ತು ಹಾಕಿದವರಿಗೆಲ್ಲ ಗೊತ್ತು. ಎರಡು ಫ್ಯಾನಿನದಕ್ಕೆ ಒಂದು ದರ, ಮೂರು ಫ್ಯಾನಿನದಕ್ಕೆ ಇನ್ನೊಂದು, ಬಣ್ಣದ ದೀಪ ಹೊಳೆಯುವುದಕ್ಕೆ ಮತ್ತೊಂದು. ಮೇಲಾಗಿ 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಗುಡಿಸಿಕೊಂಡು ಹೋಗುತ್ತಿರುವುದರಿಂದ ಕಂಪ್ಯೂಟರಿಗೆ ಸಂಬಂಧಿಸಿದ್ದೆಲ್ಲ ತುಟ್ಟಿಯಾಗಿದೆ. ಹಾಗಾಗಿ ನಾನು ರೂಪಾಯಿ ಲೆಕ್ಕ ಹಿಡಿಯುವುದಿಲ್ಲ, ಅನುಪಾತ ಹಿಡಿಯುತ್ತೇನೆ. ಶೇ 15 ಹೆಚ್ಚು ಕೆಲಸಕ್ಕೆ ಶೇ 15 ಹೆಚ್ಚು ಕೂಲಿ ನ್ಯಾಯ. ನೀವು ಹೋದ ದಿನ 5070 ಟಿಐ 80 ಸಾವಿರ ಇದ್ದರೆ 5080ಗೆ 92 ಸಾವಿರದವರೆಗೆ ಕೊಡಬಹುದು. ಅದಕ್ಕಿಂತ ಮೇಲೆ ಕೊಡುವ ಪ್ರತಿ ರೂಪಾಯಿಯೂ ಪೆಟ್ಟಿಗೆಯ ಮೇಲಿನ ಅಂಕಿಗೆ ಕೊಡುವ ಕಾಣಿಕೆ.

ಈಗ ನಿಮ್ಮ ಆಟಗಳಿಗೆ ಬರೋಣ, ಯಾಕೆಂದರೆ ಯಾರೂ ‘ಸರಾಸರಿ ಆಟ’ ಆಡುವುದಿಲ್ಲ.

ಎಲ್ಡನ್ ರಿಂಗ್ ಕಂಪ್ಯೂಟರಿನಲ್ಲಿ ಸೆಕೆಂಡಿಗೆ 60 ಫ್ರೇಮ್‌ಗೆ ಕಟ್ಟಿಹಾಕಿದ ಆಟ. ಮಾಡಿದವರೇ ಹಾಕಿದ ಬೇಲಿ ಅದು. 5070 ಟಿಐ ಹಾಕಿದರೆ 60, 5080 ಹಾಕಿದರೆ 60, ಎರಡು ಲಕ್ಷ ದಾಟಿದ 5090 ಹಾಕಿದರೂ 60. ವ್ಯಾಲರೆಂಟ್ ಇದಕ್ಕೆ ಉಲ್ಟಾ. ಸಾಧಾರಣ ಲ್ಯಾಪ್‌ಟಾಪಿನಲ್ಲೂ ಓಡಲಿ ಎಂದೇ ಕಟ್ಟಿದ ಹಗುರ ಆಟ, ಈ ಎರಡರಲ್ಲಿ ಯಾವ ಕಾರ್ಡು ಹಾಕಿದರೂ ನೂರಾರು ಫ್ರೇಮ್ ಸುರಿಸುತ್ತದೆ, ಅಲ್ಲಿ ತಡೆಯಾಗುವುದು ಪ್ರೊಸೆಸರ್. ಉಳಿದದ್ದು ಸೈಬರ್‌ಪಂಕ್. ಅದರಲ್ಲೂ 2023ರ ಏಪ್ರಿಲ್‌ನಲ್ಲಿ ಸೇರಿಸಿದ ಪಾತ್ ಟ್ರೇಸಿಂಗ್, ಅಂದರೆ ಒಂದೊಂದು ಬೆಳಕಿನ ಕಿರಣ ಎಲ್ಲಿ ಬಡಿದು ಎಲ್ಲಿಗೆ ಚಿಮ್ಮುತ್ತದೆ ಎಂದು ಲೆಕ್ಕ ಹಾಕುವ ವಿಧಾನ. ಮಳೆ ಬಂದು ನಿಂತ ರಾತ್ರಿ, ರಸ್ತೆಯ ನೀರಿನಲ್ಲಿ ಅಂಗಡಿಯ ಕೆಂಪು ನಿಯಾನ್ ಬೋರ್ಡು ನಡುಗುವುದು, ಆ ಕೆಂಪು ಪಕ್ಕದ ಗೋಡೆಗೂ ಒಂದಿಷ್ಟು ಅಂಟುವುದು, ನಿಮ್ಮ ಪಾತ್ರ ನಡೆದರೆ ಆ ಬಿಂಬ ಕದಡುವುದು. ಇದನ್ನು ನೋಡಲು ದುಡ್ಡು ಕೊಡುತ್ತೇನೆ ಎಂದರೆ ನಾನು ಬೈಯುವುದಿಲ್ಲ. ಇಲ್ಲಿ ಮಾತ್ರ ಕಾರ್ಡು ನಿಜವಾಗಿ ಬೆವರುತ್ತದೆ, 5080ಯ ಶೇ 15 ಲೆಕ್ಕಕ್ಕೆ ಬರುತ್ತದೆ.

ಆದರೆ ಬೆವರು ಸುರಿಸುವುದು ಎಷ್ಟು ದೊಡ್ಡ ಗದ್ದೆಯಲ್ಲಿ?

ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿನ ಸಂಬಂಧ ಗದ್ದೆ ನೆಟ್ಟಿಯ ಹಾಗೆ. ಪ್ರೊಸೆಸರ್ ಅಗೆ ಕಿತ್ತು ಕಟ್ಟು ಕಟ್ಟಿ ಎಸೆಯುವವನು. ಅವನೊಬ್ಬನೇ, ಆದರೆ ಜಾಣ. ವೈರಿ ಎಲ್ಲಿದ್ದಾನೆ, ಬಾಗಿಲು ತೆರೆದಿದೆಯೋ ಇಲ್ಲವೋ, ಗುಂಡು ತಾಗಿತೋ ಇಲ್ಲವೋ ಎಲ್ಲ ಅವನ ತಲೆಯಲ್ಲಿ. ಗ್ರಾಫಿಕ್ಸ್ ಕಾರ್ಡು ಸಾಲಾಗಿ ಬಗ್ಗಿ ನೆಡುವ ಆಳುಗಳ ದಂಡು. ಒಬ್ಬೊಬ್ಬರ ಕೆಲಸ ಸರಳ, ಒಂದು ಚುಕ್ಕಿಗೆ ಒಂದು ಬಣ್ಣ ಇಡುವುದು, ಆದರೆ ಸಾವಿರಾರು ಜನ ಒಟ್ಟಿಗೆ. ಪರದೆಯೇ ಗದ್ದೆ. ನಿಮ್ಮ ಫುಲ್ ಎಚ್‌ಡಿ ಪರದೆಯಲ್ಲಿ 20,73,600 ಚುಕ್ಕಿಗಳು. ಅದನ್ನು ಒಂದು ಎಕರೆ ಎಂದುಕೊಂಡರೆ 1440ಪಿ ಪರದೆ ಒಂದೂಮುಕ್ಕಾಲು ಎಕರೆ, 4ಕೆ ಸರಿಯಾಗಿ ನಾಲ್ಕು ಎಕರೆ. ನೀವು ನಾಲ್ಕು ಎಕರೆ ನೆಡುವ ಆಳುಗಳನ್ನು ಒಂದು ಎಕರೆ ಗದ್ದೆಗೆ ಕರೆದಿದ್ದೀರಿ. ಅವರು ಕ್ಷಣದಲ್ಲಿ ನೆಟ್ಟು ಬದುವಿನ ಮೇಲೆ ಕೂರುತ್ತಾರೆ. ರೈಜೆನ್ 5 5600 ಒಳ್ಳೆಯ ಪ್ರೊಸೆಸರೇ, ಆದರೆ ಇಷ್ಟು ದೊಡ್ಡ ದಂಡಿಗೆ ಅಷ್ಟು ಚಿಕ್ಕ ಗದ್ದೆಯಲ್ಲಿ ಅಗೆ ಪೂರೈಸಲು ಅದಕ್ಕೆ ಆಗುವುದಿಲ್ಲ. ಆಳು ಎಂಬತ್ತಾದರೇನು, ಎಪ್ಪತ್ತಾದರೇನು, ಕಾಯುವುದು ಒಂದೇ.

ಇದರ ಮೇಲೆ ನಿಮ್ಮ ಪರದೆ 75 ಹರ್ಟ್ಸ್. ಸೆಕೆಂಡಿಗೆ 75 ಸಲ ಮಾತ್ರ ಹೊಸ ಚಿತ್ರ ತೋರಿಸಬಲ್ಲದು. ಕಾರ್ಡು 300 ಫ್ರೇಮ್ ಕೊಟ್ಟರೂ ನಿಮ್ಮ ಕಣ್ಣಿಗೆ ತಲುಪುವುದು ಸೆಕೆಂಡಿಗೆ 75 ನೋಟ. ಕೈಗೆ ಕೊಂಚ ಚುರುಕು ಸಿಗುತ್ತದೆ, ಇಲ್ಲ ಎನ್ನುವುದಿಲ್ಲ, ಆದರೆ ಅಷ್ಟಕ್ಕಾಗಿ ಲಕ್ಷ ರೂಪಾಯಿಯೇ?

ಎರಡು ಕಾರ್ಡುಗಳ ನಡುವೆ ಕಾಗದದ ಮೇಲೆಯೇ 27 ಸಾವಿರ ಅಂತರ ಇದೆಯಲ್ಲ, ಆ ದುಡ್ಡಿನೊಳಗೆ 27 ಇಂಚಿನ, 1440ಪಿ, 165 ಅಥವಾ 180 ಹರ್ಟ್ಸ್‌ನ ಒಳ್ಳೆಯ ಐಪಿಎಸ್ ಮಾನಿಟರ್ ಬರುತ್ತದೆ. 5080 ಹಾಕಿ ಹಳೆಯ ಪರದೆ ಉಳಿಸಿಕೊಂಡವನಿಗೂ 5070 ಟಿಐ ಹಾಕಿ ಹೊಸ ಪರದೆ ತಂದವನಿಗೂ ಖರ್ಚು ಒಂದೇ. ಮೊದಲನೆಯವನಿಗೆ ಏನು ಬದಲಾಯಿತು ಎಂದು ಹುಡುಕಿ ತೋರಿಸಬೇಕು. ಎರಡನೆಯವನ ಕೋಣೆಗೆ ಬಂದವರು ಬಾಗಿಲಲ್ಲೇ ನಿಂತು ನೋಡುತ್ತಾರೆ.

ಇದನ್ನು ಕಲಿತದ್ದು ನಾನೇ ಮಾಡಿದ ತಪ್ಪಿನಿಂದ. ಒಂದು ಕಾಲದಲ್ಲಿ ಕೈಯಲ್ಲಿದ್ದ ಅಷ್ಟೂ ದುಡ್ಡನ್ನು ಕಾರ್ಡಿಗೆ ಸುರಿದೆ. ಪರದೆ ಹಳೆಯದು, ಪವರ್ ಸಪ್ಲೈ ಇನ್ನೂ ಹಳೆಯದು. ಎಸ್.ಪಿ. ರೋಡಿನ ಒಂದು ಮಾಳಿಗೆ ಅಂಗಡಿಯಲ್ಲಿ ‘ಇದೇ ಸಾಕು ಸಾರ್, 500 ವ್ಯಾಟ್’ ಎಂದು ಕೊಟ್ಟಿದ್ದ ಡಬ್ಬಿ ಅದು. ಸ್ಟಿಕ್ಕರ್ ದೊಡ್ಡದಿತ್ತು, ತೂಕ ಇರಲಿಲ್ಲ. ಒಂದು ಕೈಯಲ್ಲಿ ಎತ್ತಿದಾಗಲೇ ಅನುಮಾನ ಬರಬೇಕಿತ್ತು. ಮೂರನೆಯ ರಾತ್ರಿ ಆಟದ ನಡುವೆ ಟಪ್ ಎಂದಿತು. ಕೋಣೆಯೆಲ್ಲ ಕತ್ತಲು, ಮೀನು ಸುಟ್ಟಂಥ ವಾಸನೆ. ಮೇಜಿನ ಕೆಳಗೆ ಬಗ್ಗಿ ಟಾರ್ಚು ಬಿಟ್ಟರೆ ಡಬ್ಬಿಯ ಹಿಂದಿನ ಜಾಲರಿಯಿಂದ ಹೊಗೆ ತೆಳ್ಳಗೆ ಏಳುತ್ತಿತ್ತು. ಕಾರ್ಡು ಬದುಕಿತು, ಮದರ್‌ಬೋರ್ಡು ಹೋಯಿತು. ಅಂದಿನಿಂದ ಪವರ್ ಸಪ್ಲೈಯನ್ನು ಮೊದಲು ತೂಗಿ ನೋಡುವ ಚಾಳಿ ಬಿದ್ದಿದೆ.

ಆದ್ದರಿಂದ ನಿಮ್ಮ 650 ವ್ಯಾಟ್ ಬಗ್ಗೆ ಎರಡು ಮಾತು. 5070 ಟಿಐ 300 ವ್ಯಾಟ್ ಎಳೆಯುತ್ತದೆ, ಕಂಪನಿ 750 ವ್ಯಾಟ್ ಸಪ್ಲೈ ಇರಲಿ ಎನ್ನುತ್ತದೆ. 5080 ಎಳೆಯುವುದು 360, ಕೇಳುವುದು 850. ನಿಮ್ಮ ಪ್ರೊಸೆಸರ್ ಮಿತಾಹಾರಿಯಾದ್ದರಿಂದ ಒಳ್ಳೆಯ ಕಂಪನಿಯ 650 ಇದ್ದರೆ 5070 ಟಿಐ ಜೊತೆ ನಡೆದೀತು, ಆದರೆ ಈ ಕಾರ್ಡುಗಳು ಕ್ಷಣಮಾತ್ರಕ್ಕೆ ಹೇಳಿದ್ದಕ್ಕಿಂತ ಹೆಚ್ಚು ಎಳೆಯುವ ಸ್ವಭಾವದವು, ಅಂಚಿನಲ್ಲಿ ಬದುಕುವುದು ಬೇಡ. ಬದಲಾಯಿಸುವುದಾದರೆ ಹೊಸ 16 ಪಿನ್ನಿನ ಕೇಬಲ್ ಜೊತೆಗೇ ಬರುವ 750 ತೆಗೆದುಕೊಳ್ಳಿ. ಆ 16 ಪಿನ್ ಕನೆಕ್ಟರಿಗೆ ಒಂದು ಇತಿಹಾಸವಿದೆ. 2022ರ ಅಕ್ಟೋಬರ್‌ನಲ್ಲಿ ಆರ್‌ಟಿಎಕ್ಸ್ 4090 ಬಂದ ಕೆಲವೇ ದಿನಗಳಲ್ಲಿ ಕೆಲವರ ಕನೆಕ್ಟರ್ ಕರಗಿದ ಚಿತ್ರಗಳು ಹರಿದಾಡಿದವು. ಪೂರ್ತಿ ಒಳಗೆ ಕೂರಿಸದೆ ಬಿಟ್ಟದ್ದು ಒಂದು ಮುಖ್ಯ ಕಾರಣ ಎಂದು ಆಮೇಲೆ ತಿಳಿಯಿತು. ನೀವು ಕೊಳ್ಳುವ ಕಾರ್ಡು ಅಷ್ಟು ಕರೆಂಟು ಎಳೆಯುವುದಿಲ್ಲ, ಹೆದರಬೇಕಿಲ್ಲ. ಆದರೆ ಒತ್ತಿ ಕೂರಿಸಿ, ಟಾರ್ಚು ಬಿಟ್ಟು ಸಂದಿ ಉಳಿದಿಲ್ಲ ಎಂದು ನೋಡಿ, ಕನೆಕ್ಟರಿನ ಬುಡದಲ್ಲೇ ವೈರನ್ನು ಬಗ್ಗಿಸಬೇಡಿ.

ಯುಪಿಎಸ್ ಇದೆಯೋ ಇಲ್ಲವೋ ನೀವು ಬರೆದಿಲ್ಲ. ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟು ಹೇಗೆ ಬಂದುಹೋಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಸಾಮಾನ್ಯವಾಗಿ ಮನೆಗಳಲ್ಲಿರುವ 600 ವಿಎ ಯುಪಿಎಸ್ ಹೊರುವುದು ಸುಮಾರು 360 ವ್ಯಾಟ್. ನಿಮ್ಮ ಇಡೀ ಕಂಪ್ಯೂಟರ್ ಆಟದ ಹೊತ್ತಿನಲ್ಲಿ 450 ವ್ಯಾಟಿನ ಹತ್ತಿರ ಹೋಗುತ್ತದೆ, ಆ ಯುಪಿಎಸ್ ಕೂಗಿ ಬಿದ್ದುಬಿಡುತ್ತದೆ. 1,000 ವಿಎಗೆ ಮೇಲ್ಪಟ್ಟದ್ದು ಬೇಕು. ಇನ್ನು ಬಿಲ್ಲು. ದಿನಕ್ಕೆ ಮೂರು ಗಂಟೆ ಆಡಿದರೆ ತಿಂಗಳಿಗೆ 40 ಯೂನಿಟ್ ಆಸುಪಾಸು. 5080ಯಾದರೆ ಅದಕ್ಕೆ ಇನ್ನೈದು ಯೂನಿಟ್ ಸೇರಿಸಿ, ದೊಡ್ಡದೇನಲ್ಲ. ಆದರೆ ಮನೆಗೆ ಗೃಹಜ್ಯೋತಿ ಇದ್ದರೆ ಈ ನಲವತ್ತು ನಿಮ್ಮನ್ನು 200 ಯೂನಿಟ್ಟಿನ ಗೆರೆ ದಾಟಿಸುತ್ತದೆಯೇ ನೋಡಿಕೊಳ್ಳಿ. ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. ಪೆಟ್ಟಿಗೆ ಬಚ್ಚಿಟ್ಟರೂ ಮೆಸ್ಕಾಂ ಬಿಲ್ಲು ಬಚ್ಚಿಡಲಾಗದು.

ಬಿಸಿಯೂ ಅಷ್ಟೇ. 5080ಯ 360 ವ್ಯಾಟ್ ಎಂದರೆ ಐದು ಸೀಲಿಂಗ್ ಫ್ಯಾನು ತಿನ್ನುವಷ್ಟು ವಿದ್ಯುತ್ತು, ಅದಷ್ಟೂ ಕೊನೆಗೆ ಶಾಖವಾಗಿ ನಿಮ್ಮ ಕೋಣೆಗೇ ಬೀಳುತ್ತದೆ. ಸಾಗರದಲ್ಲಿ ಜುಲೈನಲ್ಲಿ ಹಿತವಾಗಿರುತ್ತದೆ. ರಾಯಚೂರಿನ ಓದುಗರು ಏಪ್ರಿಲ್‌ನಲ್ಲಿ ಇದನ್ನು ಓದುತ್ತಿದ್ದರೆ ಅವರಿಗೆ ನನ್ನ ಸಹಾನುಭೂತಿ ಇದೆ.

ಫ್ರೇಮ್ ಜನರೇಶನ್ ಬಗ್ಗೆ ನೀವು ಕೇಳಿಲ್ಲ, ಆದರೆ ಅಂಗಡಿಯಲ್ಲಿ ಮೊದಲು ಕಿವಿಗೆ ಬೀಳುವುದೇ ಅದು. 2025ರ ಜನವರಿಯಲ್ಲಿ ಲಾಸ್ ವೇಗಾಸ್ ವೇದಿಕೆಯ ಮೇಲೆ ಎನ್‌ವಿಡಿಯಾದ ಜೆನ್ಸನ್ ಹುವಾಂಗ್ ಅವರು 549 ಡಾಲರಿನ 5070 ಕಾರ್ಡು ಹಿಂದಿನ ರಾಜ 4090ರಷ್ಟು ಶಕ್ತ ಎಂದಿದ್ದರು. ಸಭೆ ಚಪ್ಪಾಳೆ ತಟ್ಟಿತು. ಆ ಹೋಲಿಕೆ ನಿಂತದ್ದು ಹೊಸ ಕಾರ್ಡು ನಾಲ್ಕು ಫ್ರೇಮಿನಲ್ಲಿ ಮೂರನ್ನು ಊಹಿಸಿ ತುಂಬುತ್ತಿತ್ತು ಎಂಬುದರ ಮೇಲೆ. ಊಹೆಯ ಫ್ರೇಮು ಕಣ್ಣಿಗೆ ನುಣುಪು, ಕೈಗೆ ಅಲ್ಲ. ನಿಜವಾಗಿ 30 ಫ್ರೇಮ್ ಓಡುತ್ತಿರುವ ಆಟವನ್ನು 120 ಎಂದು ತೋರಿಸಬಹುದು, ಆದರೆ ಮೌಸ್ ತಿರುಗಿಸಿದಾಗ ಸಿಗುವ ಅನುಭವ 30ರದೇ, ಸ್ವಲ್ಪ ಇನ್ನೂ ನಿಧಾನದ್ದು. ಮೊದಲೇ 70 ಇದ್ದಾಗ ಮೇಲಿಂದ ಹಾಕಿದರೆ ಚೆನ್ನ. ವ್ಯಾಲರೆಂಟ್‌ನಂಥ ಗುರಿಯಾಟಕ್ಕೆ ಅದು ಬೇಡವೇ ಬೇಡ. ಹೇಗೂ ಈ ಸೌಲಭ್ಯ ನೀವು ಕೇಳಿದ ಎರಡರಲ್ಲೂ ಒಂದೇ ಸಮ ಇದೆ, ಆಯ್ಕೆಗೆ ಕಾರಣವಾಗುವುದಿಲ್ಲ. ಡಿಎಲ್‌ಎಸ್‌ಎಸ್ ಕೂಡ ಹಾಗೇ: ಚಿಕ್ಕ ಚಿತ್ರ ಬಿಡಿಸಿ ದೊಡ್ಡದು ಮಾಡುವ ಆ ಚಮತ್ಕಾರ ಈಗ ಎಷ್ಟು ಹದಕ್ಕೆ ಬಂದಿದೆಯೆಂದರೆ, ಕ್ವಾಲಿಟಿ ಮಟ್ಟದಲ್ಲಿ ಹಾಕಿಕೊಳ್ಳಲು ನಾನೇ ಸಲಹೆ ಕೊಡುತ್ತೇನೆ. ಎರಡಕ್ಕೂ ಅದು ಸಿಗುತ್ತದೆ.

ಎಎಂಡಿಯನ್ನು ಯಾಕೆ ಬಿಟ್ಟಿರಿ ಎಂದು ಉಳಿದ ಓದುಗರು ಕೇಳುವ ಮೊದಲೇ ಹೇಳುತ್ತೇನೆ. 2025ರ ಮಾರ್ಚ್‌ನಲ್ಲಿ ಬಂದ ಅವರ ಆರ್‌ಎಕ್ಸ್ 9070 ಎಕ್ಸ್‌ಟಿ ಆಗ 599 ಡಾಲರಿನ ಕಾರ್ಡು, 16 ಜಿಬಿ ಮೆಮೊರಿ, ಸಾಮಾನ್ಯ ಆಟಗಳಲ್ಲಿ 5070 ಟಿಐಯ ಬೆನ್ನಿಗೇ ಓಡುತ್ತದೆ. ನೀವು ಸೈಬರ್‌ಪಂಕ್ ಹೆಸರು ಬರೆಯದೇ ಇದ್ದಿದ್ದರೆ ನಾನು ಅದನ್ನೇ ಹೇಳುತ್ತಿದ್ದೆ. ಪಾತ್ ಟ್ರೇಸಿಂಗ್‌ನಲ್ಲಿ ಅದು ಇನ್ನೂ ಹಿಂದೆ.

5080 ಯಾರಿಗೆ? 4ಕೆ, 120 ಹರ್ಟ್ಸ್‌ಗೆ ಮೇಲ್ಪಟ್ಟ ಪರದೆ ಅಥವಾ ಟಿವಿ ಆಗಲೇ ಮನೆಯಲ್ಲಿರುವವರಿಗೆ, ಪ್ರೊಸೆಸರ್ ಹೊಸದಿರುವವರಿಗೆ, ವಿಆರ್ ಕನ್ನಡಕ ಹಾಕುವವರಿಗೆ. ಬ್ಲೆಂಡರ್‌ನಲ್ಲಿ ದುಡಿದು ತಿನ್ನುವವರಿಗೂ ಸರಿ, ರೆಂಡರ್ ಬೇಗ ಮುಗಿದಷ್ಟೂ ಅವರಿಗೆ ಲಾಭ. ಆ ನಾಲ್ಕು ಎಕರೆ ನಿಮ್ಮಲ್ಲಿ ಇಲ್ಲ, ಸದ್ಯಕ್ಕೆ ಬೇಕಾಗಿಯೂ ಇಲ್ಲ.

ಹಾಗಾಗಿ ನನ್ನ ತೀರ್ಪು: 5070 ಟಿಐ, ಜೊತೆಗೆ 1440ಪಿ ಮಾನಿಟರ್. ಕಾರ್ಡಿನಲ್ಲೂ ತೀರಾ ದುಬಾರಿ ಮಾದರಿ ಬೇಡ. ಎಲ್ಲ ಕಂಪನಿಗಳೂ ಒಳಗೆ ಇಡುವುದು ಅದೇ ಚಿಪ್, ದೀಪದ ಮಾದರಿಗೆ ಹತ್ತು ಸಾವಿರ ಹೆಚ್ಚು ಕೊಟ್ಟರೆ ಸಿಗುವುದು ಒಂದೆರಡು ಫ್ರೇಮು ಮತ್ತು ಕಾಮನಬಿಲ್ಲು. ದೊಡ್ಡ ಫ್ಯಾನಿದ್ದು ಸದ್ದು ಕಡಿಮೆ ಇರುವುದಕ್ಕೆ ಒಂದಿಷ್ಟು ಹೆಚ್ಚು ಕೊಡಬಹುದು. ಹೋಗುವ ಮುಂಚೆ ಕ್ಯಾಬಿನೆಟ್ಟಿನ ಒಳಗೆ ಟೇಪು ಹಿಡಿದು ಅಳೆಯಿರಿ. ಮುಂದಿನ ಫ್ಯಾನಿನಿಂದ ಹಿಂದಿನ ಗೋಡೆಯವರೆಗೆ 33 ಸೆಂಟಿಮೀಟರ್ ಸಿಕ್ಕರೆ ನೆಮ್ಮದಿ. ನಿಮ್ಮ ಮದರ್‌ಬೋರ್ಡು ಪಿಸಿಐಇ 4.0 ಅಥವಾ 3.0 ಇರುತ್ತದೆ, ಕಾರ್ಡು 5.0. ಬೋರ್ಡು 4.0 ಆದರೆ ಕಳೆದುಕೊಳ್ಳುವುದು ಗಮನಕ್ಕೂ ಬಾರದಷ್ಟು. ಪ್ರೊಸೆಸರನ್ನು ಈಗ ಮುಟ್ಟಬೇಡಿ. ಗದ್ದೆ ಒಂದೂಮುಕ್ಕಾಲು ಎಕರೆ ಆದಾಗ ಆಳುಗಳಿಗೆ ಕೆಲಸ ಸಿಗುತ್ತದೆ, ಅಗೆಯವನ ಮೇಲಿನ ಒತ್ತಡ ಇಳಿಯುತ್ತದೆ. ಒಂದು ವರ್ಷ ಆಡಿ ನೋಡಿ, ಆಮೇಲೆ ಬೇಕಾದರೆ ಬರೆಯಿರಿ.

ಕಾರ್ಡು ಕೂರಿಸಿದ ದಿನವೇ ಮೂರು ಕೆಲಸ ಮಾಡಿ. ಮಾನಿಟರಿನ ಕೇಬಲ್ಲನ್ನು ಮದರ್‌ಬೋರ್ಡಿಗಲ್ಲ, ಕಾರ್ಡಿನ ಡಿಸ್‌ಪ್ಲೇಪೋರ್ಟಿಗೇ ಹಾಕಿ; ತಮಾಷೆ ಅಲ್ಲ, ತಿಂಗಳುಗಟ್ಟಲೆ ತಪ್ಪು ತೂತಿನಲ್ಲಿ ಇಟ್ಟುಕೊಂಡು ಕಾರ್ಡನ್ನು ಬೈದವರನ್ನು ಕಂಡಿದ್ದೇನೆ. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗಿಗೆ ಹೋಗಿ 60ರಲ್ಲಿ ನಿಂತಿರುವ ಹರ್ಟ್ಸನ್ನು 165ಕ್ಕೋ 180ಕ್ಕೋ ಏರಿಸಿ, ತಾನಾಗಿ ಏರುವುದಿಲ್ಲ. ಮೂರನೆಯದು, ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ತೆರೆದು ಆರ್‌ಒಪಿ (ಚಿತ್ರಕ್ಕೆ ಕೊನೆಯ ರೂಪ ಕೊಡುವ ಘಟಕಗಳು) ಎಂಬ ಜಾಗದಲ್ಲಿ 96 ಇದೆಯೇ ನೋಡಿ. ಈ ಸರಣಿ ಬಂದ ಹೊಸದರಲ್ಲಿ, 2025ರ ಫೆಬ್ರವರಿಯಲ್ಲಿ, ಎಂಟು ಆರ್‌ಒಪಿ ಕಡಿಮೆ ಇದ್ದ ಕೆಲವು ಕಾರ್ಡುಗಳು ಮಾರುಕಟ್ಟೆಗೆ ಬಂದುಬಿಟ್ಟಿದ್ದವು. ಶೇ ಅರ್ಧಕ್ಕಿಂತ ಕಡಿಮೆ ಕಾರ್ಡುಗಳಲ್ಲಿ ಹೀಗಾಗಿದೆ, ವೇಗ ಸರಾಸರಿ ಶೇ 4 ತಗ್ಗುತ್ತದೆ ಎಂದು ಎನ್‌ವಿಡಿಯಾವೇ ಒಪ್ಪಿಕೊಂಡು ಬದಲಿ ಕೊಡುವುದಾಗಿ ಹೇಳಿತ್ತು. ಹಳೆಯ ದಾಸ್ತಾನು ಎಲ್ಲೆಲ್ಲಿ ಕೂತಿರುತ್ತದೋ ಯಾರು ಬಲ್ಲರು. 88 ಎಂದು ಕಂಡರೆ ಅಂದೇ ವಾಪಸು ಒಯ್ಯಿರಿ.

ಬಿಲ್ಲಿನ ಮೇಲೆ ಕಾರ್ಡಿನ ಸೀರಿಯಲ್ ನಂಬರ್ ಬರೆಸಿಕೊಳ್ಳುವುದನ್ನು ಮರೆಯಬೇಡಿ. ವಾರಂಟಿ ಮುಗಿಯುವವರೆಗೆ ಪೆಟ್ಟಿಗೆಯನ್ನೂ ಎಸೆಯಬೇಡಿ. ಅಟ್ಟದ ಮೇಲೆ ಅಡಿಕೆ ಚೀಲಗಳ ಹಿಂದೆ ಜಾಗ ಇದ್ದೇ ಇರುತ್ತದೆ.